ಮೂಳೆ ಮುರಿದವರ ಉಪವಾಸ: ಆಪರೇಷನ್‌ಗೆ ಮುನ್ನ ಮತ್ತು ನಂತರ

ಓದುಗರ ಪ್ರಶ್ನೆಗಳಿಗೆ ಅಪಘಾತ ಮತ್ತು ಮೂಳೆ ಶಸ್ತ್ರಚಿಕಿತ್ಸಕರ ಉತ್ತರ. ಈ ಸಲದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನು ಒಟ್ಟಿಗೆ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಅತ್ತೆಯವರಿಗೆ 78 ವರ್ಷ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಬಳಿ ತೊಡೆಯ ಮೂಳೆ ಮುರಿಯಿತು. ಮರುದಿನ ಆಪರೇಷನ್ ಎಂದು ಹೇಳಿ, ರಾತ್ರಿ ಹನ್ನೆರಡರಿಂದ ಒಂದು ಹನಿ ನೀರನ್ನೂ ಕೊಡಬಾರದೆಂದರು. ಸಂಜೆ ನಾಲ್ಕಕ್ಕೆ ಬಂದು, ‘ಇವತ್ತು ಆಗುವುದಿಲ್ಲ, ನಾಳೆ ನೋಡೋಣ’ ಎಂದರು. ಆ ರಾತ್ರಿ ಎರಡು ಇಡ್ಲಿ, ಹನ್ನೆರಡರಿಂದ ಮತ್ತೆ ಉಪವಾಸ. ಎರಡನೆಯ ಮಧ್ಯಾಹ್ನದ ಹೊತ್ತಿಗೆ ಅವರು ಸ್ವಂತ ಮಗನ ಗುರುತೂ ಸಿಗದೆ ಏನೇನೋ ಮಾತನಾಡುತ್ತಿದ್ದರು. ಇಷ್ಟು ಹೊತ್ತು ಬಾಯಿ ಕಟ್ಟಬೇಕೆ? ಇದನ್ನು ತೀರ್ಮಾನಿಸುವವರು ಯಾರು?
– ಓದುಗರೊಬ್ಬರು, ಹಾಸನ

ಉತ್ತರ: ಇಷ್ಟು ಹೊತ್ತು ಬೇಕಿಲ್ಲ. ಊಟಕ್ಕೂ ನೀರಿಗೂ ಒಂದೇ ಗಡುವು ಹಾಕುವುದು ಹಳೆಯ ರೂಢಿ. ಅದನ್ನು ಅರಿವಳಿಕೆ ಶಾಸ್ತ್ರ ಕೈಬಿಟ್ಟು ಬಹಳ ಕಾಲವಾಯಿತು. ವಾರ್ಡುಗಳು ಮಾತ್ರ ಇನ್ನೂ ಬಿಟ್ಟಿಲ್ಲ.

ಉಪವಾಸದ ಕಾರಣ ಸರಳವಾದದ್ದು. ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ಸಡಿಲವಾಗುತ್ತದೆ. ಆಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟಬಹುದು, ಆಮ್ಲ ಸೇರಿ ತೀವ್ರ ನ್ಯುಮೋನಿಯಾ ಆಗಬಹುದು. ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಹೆರಿಗೆ ಪ್ರಕರಣಗಳನ್ನು ಪರಿಶೀಲಿಸಿ, 66 ಮಂದಿಯಲ್ಲಿ ಹೀಗಾಗಿತ್ತೆಂದೂ, ಘನ ಆಹಾರ ಉಸಿರುದಾರಿಗೆ ಅಡ್ಡಬಂದು ಇಬ್ಬರು ತೀರಿಕೊಂಡರೆಂದೂ ಬರೆದರು. ಮಧ್ಯರಾತ್ರಿಯಿಂದ ಏನೂ ಬೇಡ ಎಂಬ ಕಟ್ಟಳೆ ಜಗತ್ತಿನಾದ್ಯಂತ ಬೇರೂರಿದ್ದು ಇದಾದ ಮೇಲೆಯೇ. ಅದಕ್ಕೂ ಆರು ದಶಕ ಹಿಂದೆ, 1880ರ ದಶಕದಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಜೋಸೆಫ್ ಲಿಸ್ಟರ್, ಕ್ಲೋರೋಫಾರ್ಮ್ ಕೊಡುವಾಗ ಹೊಟ್ಟೆಯಲ್ಲಿ ಘನ ಪದಾರ್ಥ ಇರಬಾರದು, ಆದರೆ ಎರಡು ಗಂಟೆ ಮುಂಚೆ ಒಂದು ಬಟ್ಟಲು ಚಹಾ ಕೊಡುವುದು ಒಳ್ಳೆಯದು ಎಂದು ಬರೆದಿದ್ದರು. ನಾವು ಒಂದು ಶತಮಾನ ಸುತ್ತಾಡಿ ಮತ್ತೆ ಅಲ್ಲಿಗೇ ಬಂದು ನಿಂತಿದ್ದೇವೆ.

ಏಕೆಂದರೆ ಬರಿಯ ನೀರು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕುಡಿದ ನೀರಿನ ಅರ್ಧ ಭಾಗ ಸುಮಾರು ಇಪ್ಪತ್ತು ನಿಮಿಷದೊಳಗೆ ಕರುಳಿಗೆ ಇಳಿದಿರುತ್ತದೆ. ಎರಡು ಗಂಟೆಯ ಹೊತ್ತಿಗೆ ಹೊಟ್ಟೆಯಲ್ಲಿ ಉಳಿಯುವುದು ಅದು ತಾನೇ ಸ್ರವಿಸುವ ರಸ ಮತ್ತು ನುಂಗಿದ ಜೊಲ್ಲು, ಅವು ಇಪ್ಪತ್ತು ಗಂಟೆ ಉಪವಾಸವಿದ್ದವರಲ್ಲೂ ಇರುವಂಥವೇ. ಆದ್ದರಿಂದಲೇ ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಿಂದಲೂ, ಯುರೋಪಿನ ಸಂಘ 2011ರಲ್ಲೂ, ತಿಳಿಯಾದ ದ್ರವಕ್ಕೆ 2 ಗಂಟೆ, ಹಗುರ ಆಹಾರಕ್ಕೆ 6 ಗಂಟೆ ಎಂದು ಹೇಳುತ್ತ ಬಂದಿವೆ; ಕರಿದದ್ದು, ಮಾಂಸ, ಜಿಡ್ಡಿನ ಊಟವಾದರೆ 8 ಗಂಟೆ ಅಥವಾ ಹೆಚ್ಚು ಬೇಕಾಗಬಹುದೆಂದು ಅಮೆರಿಕದ ಸೂಚಿ ಸೇರಿಸುತ್ತದೆ. ಬ್ರಿಟನ್ನಿನ ಹಲವು ಆಸ್ಪತ್ರೆಗಳು ಇತ್ತೀಚೆಗೆ ಇನ್ನೂ ಮುಂದೆ ಹೋಗಿ, ಥಿಯೇಟರಿನಿಂದ ಕರೆ ಬರುವವರೆಗೂ ಗಂಟೆಗೊಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಬಹುದೆಂಬ ಪದ್ಧತಿಯನ್ನು ತಂದಿವೆ. ಅದನ್ನು ನಮ್ಮಲ್ಲಿ ನೀವಾಗಿಯೇ ಅನುಸರಿಸಬಾರದು. ಎರಡು ಗಂಟೆಯ ನೀರನ್ನು ಮಾತ್ರ ಧೈರ್ಯವಾಗಿ ಕೇಳಬಹುದು.

ಹಾಗಾದರೆ ನಿಮ್ಮ ಅತ್ತೆಯವರಿಗೆ ಹೀಗೇಕಾಯಿತು? ಓ.ಟಿ. ಲಿಸ್ಟ್ ಎಂಬ, ಆಪರೇಷನ್ ಥಿಯೇಟರಿನ ಆ ದಿನದ ಸರದಿ ಬರೆದ ಹಾಳೆಯನ್ನು ಹತ್ತಿರದಿಂದ ನೋಡಿದರೆ ಅರ್ಥವಾಗುತ್ತದೆ. ಸಾಮಾನ್ಯವಾಗಿ ಮಕ್ಕಳು ಮತ್ತು ಮಧುಮೇಹಿಗಳು ಮೇಲೆ, ಕೀವಾದ ಗಾಯದವರು ಕೊನೆಗೆ, ಉಳಿದವರು ನಡುವೆ. ಆದರೆ ಅಪಘಾತ ವಿಭಾಗದ ಲಿಸ್ಟ್ ಬರೆದಂತೆ ನಡೆಯುವುದು ಅಪರೂಪ. ರಕ್ತನಾಳ ಕತ್ತರಿಸಿದವರೋ ಮೂಳೆ ಹೊರಬಂದವರೋ ಬೆಳಗಿನ ಜಾವ ಬಂದರೆ ಉಳಿದವರೆಲ್ಲ ಒಂದು ಸ್ಥಾನ ಕೆಳಗೆ ಸರಿಯುತ್ತಾರೆ. ಮಧ್ಯಾಹ್ನ ಸರದಿ ಬರುವಷ್ಟರಲ್ಲಿ ಹೃದಯದ ಎಕೋ ವರದಿ ಬಂದಿರುವುದಿಲ್ಲ, ಅಥವಾ ಬೇಕಾದ ಅಳತೆಯ ಇಂಪ್ಲಾಂಟ್ ತಲುಪಿರುವುದಿಲ್ಲ, ಅಥವಾ ವಿಮೆಯ ಪೂರ್ವಾನುಮತಿ ಬಂದಿರುವುದಿಲ್ಲ, ಅಥವಾ ಸಿ-ಆರ್ಮ್ ಎಕ್ಸ್‌ರೇ ಯಂತ್ರ ಪಕ್ಕದ ಥಿಯೇಟರಿನಲ್ಲಿರುತ್ತದೆ. ಯಾರ ಸರದಿ ಯಾವಾಗಲೋ ಗೊತ್ತಿಲ್ಲದ ಕಾರಣ ಎಲ್ಲರನ್ನೂ ಹನ್ನೆರಡರಿಂದಲೇ ಉಪವಾಸ ಇರಿಸುವುದು ಬರೆಯುವವರಿಗೆ ಸುಲಭ. ಅದು ಲಿಸ್ಟಿನ ಅನುಕೂಲವೇ ಹೊರತು ರೋಗಿಯ ಹೊಟ್ಟೆಯ ಅಗತ್ಯವಲ್ಲ. ಇದನ್ನು ಅರಿವಳಿಕೆ ತಜ್ಞರ ತಲೆಗೆ ಕಟ್ಟುವುದೂ ಸರಿಯಲ್ಲ: ಮಂಚದ ತುದಿಗೆ ತೂಗುವ ‘ಎನ್‌ಬಿಎಂ’ (ನಿಲ್ ಬೈ ಮೌತ್, ಅಂದರೆ ಬಾಯಿಗೆ ಏನೂ ಬೇಡ) ಹಲಗೆ ಬಹುಪಾಲು ನಮ್ಮ, ಅಂದರೆ ಮೂಳೆ ವಿಭಾಗದ, ಸಂಜೆಯ ಸುತ್ತಿನಲ್ಲಿ ಬಿದ್ದದ್ದು.

ವಯಸ್ಸಾದವರಲ್ಲಿ ಇದರ ಬೆಲೆ ದೊಡ್ಡದು. ಮುರಿದ ಮೂಳೆಯ ಸುತ್ತ ರಕ್ತ ಸೋರಿ ಮೊದಲೇ ದೇಹದ ನೀರು ಕಡಿಮೆಯಾಗಿರುತ್ತದೆ. ಅದರ ಮೇಲೆ ನೀರನ್ನೂ ನಿಲ್ಲಿಸಿದರೆ ಮೂತ್ರಪಿಂಡಕ್ಕೆ ಪೆಟ್ಟು, ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡದ ಕುಸಿತ, ಮತ್ತು ನೀವು ಕಂಡ ಗೊಂದಲ. ಡೆಲಿರಿಯಂ ಎಂಬ ಆ ಸ್ಥಿತಿಗೆ ನೋವು, ನಿದ್ದೆಗೇಡು, ಹೊಸ ಜಾಗ, ಕೆಲವು ಔಷಧಿಗಳು, ಸೋಂಕು ಎಲ್ಲವೂ ಕಾರಣ. ಬಾಯಾರಿಕೆ ಮತ್ತು ಹಸಿವು ಅವುಗಳಲ್ಲಿ ಅತಿ ಸುಲಭವಾಗಿ ತಪ್ಪಿಸಬಹುದಾದವು. ‘ಡ್ರಿಪ್ ಹಾಕಿದ್ದೇವಲ್ಲ’ ಎಂಬ ಸಮಾಧಾನವೂ ಅರ್ಧ ಸತ್ಯವೇ: ಸಲೈನಿನಲ್ಲಿ ಶಕ್ತಿ ಕೊಡುವ ಅಂಶವೇ ಇಲ್ಲ, ಒಂದು ಲೀಟರ್ ಐದು ಪರ್ಸೆಂಟ್ ಡೆಕ್ಸ್‌ಟ್ರೋಸಿನಲ್ಲಿ ಇರುವುದು 50 ಗ್ರಾಂ ಸಕ್ಕರೆ, ಅಂದರೆ ಹೆಚ್ಚೆಂದರೆ 200 ಕ್ಯಾಲೊರಿ.

ಇಂಥ ಮುರಿತಕ್ಕೆ ಆದಷ್ಟು ಬೇಗ, ಬ್ರಿಟನ್ನಿನ ಮಾನದಂಡದಲ್ಲಿ 36 ಗಂಟೆಯೊಳಗೆ, ಶಸ್ತ್ರಚಿಕಿತ್ಸೆ ಆಗಬೇಕು. ಅದು ಮುಂದೆ ಹೋಗುವುದು ನಿಮ್ಮ ಕೈಯಲ್ಲಿಲ್ಲ. ಮೂರು ಮಾತು ಕೇಳುವುದು ನಿಮ್ಮ ಕೈಯಲ್ಲಿದೆ. ಹಿಂದಿನ ಸಂಜೆಯೇ ‘ಲಿಸ್ಟಿನಲ್ಲಿ ಎಷ್ಟನೆಯವರು?’ ಎಂದು ಕೇಳಿ. ‘ಊಟ ಎಷ್ಟರವರೆಗೆ, ನೀರು ಎಷ್ಟರವರೆಗೆ?’ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಮತ್ತು, ‘ಇವತ್ತು ಇಲ್ಲ ಎಂದಾದರೆ ಆ ಕ್ಷಣವೇ ತಿಳಿಸಿ, ಊಟ ಕೊಡುತ್ತೇವೆ’ ಎಂದು ಸಿಸ್ಟರ್‌ಗೆ ಹೇಳಿಟ್ಟಿರಿ. ಮಧ್ಯಾಹ್ನ ಒಂದಕ್ಕೆ ರದ್ದಾದ ಆಪರೇಷನ್ನಿನ ಸುದ್ದಿ ವಾರ್ಡಿಗೆ ಸಂಜೆ ನಾಲ್ಕಕ್ಕೆ ತಲುಪುವುದನ್ನು ತಡೆಯಲು ಒಂದು ಫೋನ್ ಸಾಕು, ಆದರೆ ಆ ಫೋನ್ ಮಾಡುವುದು ಯಾರ ಕೆಲಸವೆಂದು ಅನೇಕ ಕಡೆ ಗೊತ್ತುಮಾಡಿರುವುದೇ ಇಲ್ಲ.

ಪ್ರಶ್ನೆ: ನನ್ನ ತಮ್ಮ ರಾತ್ರಿ ಊಟ ಮುಗಿಸಿ ಹೊರಟವನು ಬೈಕ್ ಅಪಘಾತದಲ್ಲಿ ಕಾಲಿನ ಮೂಳೆ ಹೊರಬಂದು ಆಸ್ಪತ್ರೆ ಸೇರಿದ. ಊಟವಾಗಿದೆ ಎಂದು ಬೆಳಗಿನವರೆಗೆ ಕಾಯಿಸಿದರು. ಆದರೆ ಪಕ್ಕದ ಮಂಚದವರು ಬಿರಿಯಾನಿ ತಿಂದು ಬಂದಿದ್ದರೂ ಅರ್ಧ ಗಂಟೆಯಲ್ಲೇ ಒಳಗೆ ಕರೆದೊಯ್ದರು. ಒಬ್ಬೊಬ್ಬರಿಗೆ ಒಂದೊಂದು ನ್ಯಾಯವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನ್ಯಾಯ ಒಂದೇ, ಗಾಯಗಳು ಬೇರೆ. ಕೈಕಾಲಿನ ಮುಖ್ಯ ರಕ್ತನಾಳ ಹರಿದಿದ್ದರೆ, ಅಥವಾ ಪೆಟ್ಟಾದ ಸ್ನಾಯು ಅದರ ಪೊರೆಯೊಳಗೇ ಊದಿಕೊಂಡು ತನ್ನ ರಕ್ತಸಂಚಾರವನ್ನು ತಾನೇ ಅದುಮಿಬಿಡುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಆಗಿದ್ದರೆ, ಸುಮಾರು ಆರು ಗಂಟೆ ದಾಟುವಷ್ಟರಲ್ಲಿ ಸ್ನಾಯು ಸಾಯುತ್ತದೆ. ಅಲ್ಲಿ ಊಟ ಜೀರ್ಣವಾಗಲಿ ಎಂದು ಕಾಯುವವರು ಕಾಲನ್ನು ಕಳೆದುಕೊಳ್ಳುತ್ತಾರೆ. ಹೊಟ್ಟೆ ತುಂಬಿರುವವರಿಗೆಂದೇ ಅರಿವಳಿಕೆ ತಜ್ಞರಲ್ಲಿ ಬೇರೆ ಕ್ರಮವಿದೆ: ಮೊದಲು ಆಮ್ಲಜನಕ ತುಂಬಿ, ಬೇಗ ಪ್ರಜ್ಞೆ ತಪ್ಪಿಸುವ ಮದ್ದು ಮತ್ತು ಸ್ನಾಯು ಸಡಿಲಿಸುವ ಮದ್ದನ್ನು ಒಂದರ ಹಿಂದೊಂದು ಕೊಟ್ಟು, ಕೂಡಲೇ ಶ್ವಾಸನಾಳಕ್ಕೆ ನಳಿಗೆ ಇಳಿಸಿ ಅದರ ಸುತ್ತಲಿನ ಬಲೂನನ್ನು ಉಬ್ಬಿಸಿಬಿಡುತ್ತಾರೆ. ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ, ಆದರೆ ಕಾಲಿನ ಮುಂದೆ ಅದು ಚಿಕ್ಕದು.

ಮೂಳೆ ಹೊರಬಂದ ಗಾಯದಲ್ಲಿ ಅತಿ ತುರ್ತಾದದ್ದು ರಕ್ತನಾಳದ ಮೂಲಕ ಕೊಡುವ ಆ್ಯಂಟಿಬಯಾಟಿಕ್, ಸಾಧ್ಯವಾದಷ್ಟೂ ಒಂದು ಗಂಟೆಯೊಳಗೆ. ಗಾಯಕ್ಕೆ ಚರಂಡಿಯ ಕೊಳೆಯೋ ಗದ್ದೆಯ ಕೆಸರೋ ಸೇರಿದ್ದರೆ ತೊಳೆಯುವ ಆಪರೇಷನ್ನೂ ತಡಮಾಡದೆ ಆಗಬೇಕು; ಇಲ್ಲವಾದರೆ ಅನುಭವವುಳ್ಳ ತಂಡ ಹಗಲಿನಲ್ಲಿ, 24 ಗಂಟೆಯೊಳಗೆ ಮಾಡುವುದು ಒಪ್ಪಿತ ಕ್ರಮ. ನಿಮ್ಮ ತಮ್ಮನನ್ನು ಕಾಯಿಸಿದ್ದಕ್ಕೆ ಊಟಕ್ಕಿಂತ ಇದೇ ಕಾರಣವಿರಬಹುದು.

ಇನ್ನೊಂದು ಸಂಗತಿ ಅಪಘಾತದವರಿಗೆ ಮಾತ್ರ ಸಂಬಂಧಿಸಿದ್ದು. ಪೆಟ್ಟು, ಭಯ, ನೋವು, ನೋವಿಗೆ ಕೊಡುವ ಮಾರ್ಫಿನ್‌ನಂಥ ಔಷಧಿ ಇವೆಲ್ಲ ಹೊಟ್ಟೆಯ ಚಲನೆಯನ್ನು ನಿಧಾನ ಮಾಡುತ್ತವೆ. ಒಂಬತ್ತಕ್ಕೆ ಉಂಡು ಒಂಬತ್ತೂವರೆಗೆ ಬಿದ್ದವರ ಹೊಟ್ಟೆಯಲ್ಲಿ ಬೆಳಗಿನ ಐದಕ್ಕೂ ಅನ್ನ ಇರಬಹುದು. ಆದ್ದರಿಂದ ಹೊಸ ಗಾಯದಲ್ಲಿ ಆರು ಗಂಟೆಯ ಲೆಕ್ಕವನ್ನು ಅರಿವಳಿಕೆ ತಜ್ಞರು ನಂಬುವುದಿಲ್ಲ. ಕೊನೆಯ ಊಟಕ್ಕೂ ಪೆಟ್ಟಿಗೂ ನಡುವೆ ಎಷ್ಟು ಹೊತ್ತು ಇತ್ತು ಎಂಬುದನ್ನೇ ಕೇಳುತ್ತಾರೆ, ಅನುಮಾನವಿದ್ದರೆ ಸೌಲಭ್ಯವಿರುವ ಕಡೆ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾರೆ. ಎರಡು ಮೂರು ದಿನ ಕಳೆದು, ನೋವು ಹಿಡಿತಕ್ಕೆ ಬಂದು, ಎಂದಿನಂತೆ ಉಣ್ಣುತ್ತಿರುವವರಿಗೆ ಸಾಮಾನ್ಯ ಗಡುವು ಸಾಕಾಗುತ್ತದೆ.

ಅಪಘಾತವಾದ ಜಾಗದಲ್ಲಿ ಬಿದ್ದವರನ್ನು ಎತ್ತಿ ಕೂರಿಸಿ ನೀರು, ಸೋಡಾ ಕುಡಿಸುವ ನಮ್ಮ ಜನರ ಒಳ್ಳೆಯ ಮನಸ್ಸನ್ನು ಬಲ್ಲೆ. ಆದರೂ ದಯವಿಟ್ಟು ಕುಡಿಸಬೇಡಿ. ಪ್ರಜ್ಞೆ ಮಸುಕಾಗಿದ್ದರೆ ಆ ನೀರೇ ಶ್ವಾಸಕೋಶಕ್ಕೆ ಹೋಗುತ್ತದೆ. ಅದರ ಬದಲು, ಗಾಯಾಳು ಎಷ್ಟು ಹೊತ್ತಿಗೆ ಏನು ತಿಂದಿದ್ದರು ಎಂದು ಕೇಳಿಟ್ಟುಕೊಂಡು ಆಸ್ಪತ್ರೆಯಲ್ಲಿ ಹೇಳಿ.

ಪ್ರಶ್ನೆ: ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವಾಗ ಉಪವಾಸವೇಕೆ?
– ಓದುಗರೊಬ್ಬರು, ಉಡುಪಿ

ಉತ್ತರ: ಬೆನ್ನಿಗೆ ಕೊಟ್ಟ ಚುಚ್ಚುಮದ್ದು ಕೆಲವೊಮ್ಮೆ ಸಾಲದೆ ಹೋಗುತ್ತದೆ, ಆಪರೇಷನ್ ಎಣಿಸಿದ್ದಕ್ಕಿಂತ ಉದ್ದವಾಗುತ್ತದೆ, ಅಪರೂಪಕ್ಕೆ ಮದ್ದು ಮೇಲಕ್ಕೇರಿ ಉಸಿರಾಟಕ್ಕೆ ನೆರವು ಬೇಕಾಗುತ್ತದೆ. ಆಗ ಪೂರ್ತಿ ಪ್ರಜ್ಞೆ ತಪ್ಪಿಸಲು ಸಿದ್ಧರಿರಬೇಕು. ನಿಯಮ ಎರಡಕ್ಕೂ ಒಂದೇ.

ಪ್ರಶ್ನೆ: ‘ತಿಳಿಯಾದ ದ್ರವ’ ಎಂದರೆ ಏನೇನು? ಕಾಫಿ, ಎಳನೀರು, ಮಜ್ಜಿಗೆ, ರಾಗಿ ಗಂಜಿ ಕೊಡಬಹುದೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಗಾಜಿನ ಲೋಟಕ್ಕೆ ಹಾಕಿ ಹಿಂದಿನಿಂದ ಬೆಳಕು ಹಿಡಿದರೆ ಆಚೆಗಿನ ಅಕ್ಷರ ಓದಲು ಬರಬೇಕು ಎಂದು ವಾರ್ಡಿನಲ್ಲಿ ಹೇಳಿಕೊಡುತ್ತೇವೆ. ನೀರು, ಸಕ್ಕರೆ ನೀರು, ಸೋಸಿದ ಸೇಬಿನ ರಸ, ಗ್ಲೂಕೋಸ್ ನೀರು ಸಲ್ಲುತ್ತವೆ. ಹಾಲಿಲ್ಲದ ಚಹಾ ಮತ್ತು ಕಾಫಿಯ ಡಿಕಾಕ್ಷನ್ ಕಪ್ಪಾಗಿದ್ದರೂ ಈ ಗುಂಪಿಗೇ ಸೇರುತ್ತವೆ, ಅವುಗಳಲ್ಲಿ ಕೊಬ್ಬಿಲ್ಲ, ತಿರುಳಿಲ್ಲ. ಮಂಡ್ಯದವರು ಎಳನೀರನ್ನು ಬಿಟ್ಟು ಕೇಳಿದ್ದರೆ ಆಶ್ಚರ್ಯವಾಗುತ್ತಿತ್ತು. ಒಳಗಿನ ತಿರುಳು (ಗಂಜಿ) ಬೀಳದಂತೆ ಸೋಸಿದ ಎಳನೀರು ತಿಳಿಯಾದ ದ್ರವವೇ ಸರಿ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರಿಗೆ ಬೇಡ, ಉಳಿದವರೂ ತಮ್ಮ ಅರಿವಳಿಕೆ ತಜ್ಞರನ್ನು ಕೇಳಿ ಕುಡಿಯಿರಿ.

ಹಾಲು ಬೆರೆತ ಕಾಫಿ, ಮಜ್ಜಿಗೆ, ಅಂಬಲಿ, ರಾಗಿ ಗಂಜಿ, ಹಾರ್ಲಿಕ್ಸ್ ಇವೆಲ್ಲ ಕುಡಿಯಲು ಬಂದರೂ ಹೊಟ್ಟೆಯ ಲೆಕ್ಕದಲ್ಲಿ ಆಹಾರ. ಆರು ಗಂಟೆ ಬೇಕು. ಹಾಲು ಹೊಟ್ಟೆಯ ಆಮ್ಲಕ್ಕೆ ಒಡೆದು ಗಟ್ಟಿಯಾಗುತ್ತದೆ ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎದೆಹಾಲು ಮಾತ್ರ ಬೇಗ ಇಳಿಯುವುದರಿಂದ ಕೂಸುಗಳಿಗೆ ನಾಲ್ಕು ಗಂಟೆ ಸಾಕು. ಮಾವಿನ ಮರದಿಂದ ಬಿದ್ದು ಮೊಣಕೈ ಮುರಿದುಕೊಂಡು ಬರುವ ಮಕ್ಕಳಿಗೆ, ಗಾಯದ ಬಿಸಿ ಕಳೆದ ಮೇಲಾದರೆ, ಯುರೋಪಿನ 2022ರ ಸೂಚಿ ಒಂದು ಗಂಟೆ ಮುಂಚಿನವರೆಗೂ ತಿಳಿಯಾದ ದ್ರವವನ್ನು ಒಪ್ಪುತ್ತದೆ. ಇನ್ನು ಎಲೆ-ಅಡಿಕೆ, ಹೊಗೆಸೊಪ್ಪು, ಗುಟ್ಕಾ: ‘ಊಟ ಮಾಡಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುವವರ ದವಡೆಯಲ್ಲೇ ಅಡಿಕೆ ಚೂರು ಸಿಗುತ್ತದೆ. ಬಾಯಿ ತೊಳೆಸಿ, ಕಟ್ಟಿದ ಹಲ್ಲಿನ ಸೆಟ್ಟನ್ನು ತೆಗೆದಿಟ್ಟು ಕಳುಹಿಸಿ.

ಪ್ರಶ್ನೆ: ತಂದೆಗೆ ಸಕ್ಕರೆ ಕಾಯಿಲೆ. ಮಣಿಕಟ್ಟಿನ ಮುರಿತಕ್ಕೆ ಪ್ಲೇಟ್ ಹಾಕಬೇಕಂತೆ. ಉಪವಾಸದ ದಿನ ಮಾತ್ರೆ ಕೊಡಬೇಕೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಎಲ್ಲ ಮಾತ್ರೆಗೂ ಒಂದೇ ಉತ್ತರವಿಲ್ಲ, ಆದ್ದರಿಂದ ಹೆಸರು ನೆನಪಿಲ್ಲದಿದ್ದರೆ ಸ್ಟ್ರಿಪ್ಪನ್ನೇ ತನ್ನಿ. ಗ್ಲಿಮಿಪಿರೈಡ್‌ನಂಥವು ಊಟವಿಲ್ಲದ ದಿನ ಸಕ್ಕರೆಯನ್ನು ತೀರ ಕೆಳಗಿಳಿಸಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನದು ಬೇರೆಯೇ ಅಪಾಯ. ಇವನ್ನು ನುಂಗುತ್ತ ಉಪವಾಸವಿದ್ದರೆ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಆಗಬಹುದು, ಆಗ ಸಕ್ಕರೆಯ ಅಂಕಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುವುದರಿಂದ ವೈದ್ಯರ ಕಣ್ಣೂ ತಪ್ಪುತ್ತದೆ. ದಿನ ಗೊತ್ತುಮಾಡಿ ನಡೆಸುವ ಆಪರೇಷನ್‌ಗೆ ಈ ಗುಂಪಿನ ಇವೆರಡನ್ನೂ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಹೇಳಿತು. ಮೂಳೆ ಮುರಿಯುವುದು ಮೂರು ದಿನ ಮುಂಚೆ ಹೇಳಿ ಬರುವುದಿಲ್ಲವಾದ್ದರಿಂದ, ಅಪಘಾತದವರಲ್ಲಿ ಈ ಮಾತ್ರೆಯ ಹೆಸರನ್ನು ಮೊದಲ ಗಂಟೆಯಲ್ಲೇ ತಿಳಿಸುವುದು ಮುಖ್ಯ. ತೂಕ ಇಳಿಸಲು ಅಥವಾ ಸಕ್ಕರೆಗೆ ಸೆಮಾಗ್ಲುಟೈಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದು ಹೊಟ್ಟೆ ಖಾಲಿಯಾಗುವುದನ್ನೇ ತಡಮಾಡುತ್ತದೆ. ಇನ್ಸುಲಿನ್ನನ್ನು ನೀವಾಗಿ ಪೂರ್ತಿ ನಿಲ್ಲಿಸಬೇಡಿ. ಲಿಸ್ಟಿನಲ್ಲಿ ಮೊದಲ ಸರದಿ ಕೇಳುವ ಹಕ್ಕು ನಿಮ್ಮ ತಂದೆಯವರಿಗೆ ಖಂಡಿತ ಇದೆ.

ಪ್ರಶ್ನೆ: ಆಪರೇಷನ್ ಮುಗಿದ ಮೇಲೆ ಗ್ಯಾಸ್ ಹೋಗುವವರೆಗೆ ನೀರು ಕೊಡಬಾರದೆಂದು ಒಬ್ಬರು, ಆರು ಗಂಟೆ ಕಾಯಿರಿ ಎಂದು ಇನ್ನೊಬ್ಬರು. ಮನೆಗೆ ಬಂದರೆ ಬದನೆಕಾಯಿ, ಆಲೂಗಡ್ಡೆ, ಮೊಟ್ಟೆ, ಬೇಳೆ ಎಲ್ಲವೂ ನಂಜು ಎಂದು ಹಿರಿಯರು ತಿಂಗಳಿಂದ ಬರಿಯ ಗಂಜಿ, ತಿಳಿಸಾರು ಕೊಡುತ್ತಿದ್ದಾರೆ. ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗ್ಯಾಸ್ ಹೋಗುವುದನ್ನು ಕಾಯುವ ಕ್ರಮ ಹೊಟ್ಟೆಯ ಆಪರೇಷನ್ನಿನಿಂದ ಬಂದದ್ದು. ಕರುಳನ್ನು ಮುಟ್ಟಿದರೆ ಅದು ಕೆಲಕಾಲ ಸ್ತಬ್ಧವಾಗುತ್ತದೆ ಎಂಬುದು ಅದರ ತರ್ಕ. ಅಲ್ಲಿಯೂ ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಆರಂಭಿಸಿದ ಶೀಘ್ರ ಚೇತರಿಕೆಯ ಪದ್ಧತಿ ಬೇಗ ಉಣಿಸುವುದನ್ನೇ ಬೆಂಬಲಿಸಿತು. ಮೊಣಕಾಲಿಗೆ ರಾಡ್ ಹಾಕಿದವರ ಕರುಳನ್ನು ಯಾರೂ ಮುಟ್ಟಿರುವುದಿಲ್ಲ. ರೋಗಿ ಪೂರ್ತಿ ಎಚ್ಚರವಾಗಿದ್ದು, ವಾಕರಿಕೆಯಿಲ್ಲದೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಿದ್ದರೆ ಒಂದೆರಡು ಗಂಟೆಯೊಳಗೇ ಗುಟುಕು ನೀರು ಕೊಟ್ಟು ನೋಡಬಹುದು, ಅದು ನಿಂತರೆ ಇಡ್ಲಿ, ಮೆತ್ತನೆಯ ಅನ್ನ ಕೊಡಬಹುದು. ಕಾಲು ಇನ್ನೂ ಮರಗಟ್ಟಿದೆ ಎಂಬುದು ನುಂಗಲು ಅಡ್ಡಿಯಲ್ಲ. ಆದರೆ ಚಪ್ಪಟೆ ಮಲಗಿಸಿ ಕುಡಿಸಬೇಡಿ. ಮಂಚದ ತಲೆಯ ಭಾಗವನ್ನು ಎತ್ತರಿಸಿ. ಬೆನ್ನಿನ ಚುಚ್ಚುಮದ್ದಿನ ನಂತರ ದಿಂಬಿಲ್ಲದೆ ಮಲಗಿದರೆ ತಲೆನೋವು ಬರುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ಕಾಯಬೇಕಾದವರೂ ಇದ್ದಾರೆ: ಬೆನ್ನುಮೂಳೆ ಅಥವಾ ಕಟಿಯ ಎಲುಬಿನ ದೊಡ್ಡ ಆಪರೇಷನ್ ಆದವರು, ಹೊಟ್ಟೆಗೂ ಪೆಟ್ಟಾದವರು, ತಲೆಗೆ ಪೆಟ್ಟಾಗಿ ಮಂಪರಿನಲ್ಲಿರುವವರು, ನುಂಗುವಾಗ ಕೆಮ್ಮುವ ವೃದ್ಧರು. ಇವರಲ್ಲಿ ಸೇರದಿದ್ದರೂ ಹೆಚ್ಚು ಬಳಲುವ ಗುಂಪು ಇನ್ನೊಂದಿದೆ, ಅದರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ. ದೊಡ್ಡ ತೆರೆದ ಗಾಯದವರನ್ನು ಎರಡು ಮೂರು ದಿನಕ್ಕೊಮ್ಮೆ ಗಾಯ ತೊಳೆಯಲು, ಆಮೇಲೆ ಚರ್ಮ ಕಸಿಗೆ, ಆಮೇಲೆ ಮೂಳೆ ಕೂಡಿಸಲು ಮತ್ತೆ ಮತ್ತೆ ಥಿಯೇಟರಿಗೆ ಒಯ್ಯುತ್ತೇವೆ. ಪ್ರತಿ ಸಲವೂ ಮಧ್ಯರಾತ್ರಿಯಿಂದ ಮರುದಿನ ಸಂಜೆಯವರೆಗೆ ಊಟ ತಪ್ಪುತ್ತದೆ. ಗಾಯ ಮಾಯಲು ಅತಿ ಹೆಚ್ಚು ಆಹಾರ ಬೇಕಾದವರೇ ಅತಿ ಕಡಿಮೆ ಉಣ್ಣುತ್ತಾರೆ. ಇಂಥವರ ಮನೆಯವರು ಹಿಂದಿನ ರಾತ್ರಿ ಹತ್ತರ ಹೊತ್ತಿಗೆ ಒಂದು ಸರಿಯಾದ ಊಟವನ್ನೂ, ಥಿಯೇಟರಿನಿಂದ ಬಂದ ಮೇಲೆ ಇನ್ನೊಂದನ್ನೂ ಪಟ್ಟುಹಿಡಿದು ಕೊಡಬೇಕು.

ಇನ್ನು ನಂಜು. ಹಿರಿಯರ ಕಾಳಜಿಯನ್ನು ಗೌರವಿಸುತ್ತಲೇ ಹೇಳುತ್ತೇನೆ: ಗಾಯ ಕೀವಾಗುವುದು ರೋಗಾಣುವಿನಿಂದ. ಅದಕ್ಕೆ ನೆರವಾಗುವುದು ಏರಿದ ಸಕ್ಕರೆ, ಬೀಡಿ-ಸಿಗರೇಟು, ನಜ್ಜುಗುಜ್ಜಾದ ಮಾಂಸ ಮತ್ತು ಅಪೌಷ್ಟಿಕತೆ. ಬದನೆಕಾಯಿಯೂ ಬೇಳೆಯೂ ಆ ಪಟ್ಟಿಯಲ್ಲಿಲ್ಲ. ಯಾವುದಾದರೂ ಆಹಾರ ಒಬ್ಬರಿಗೆ ಮೊದಲಿನಿಂದಲೂ ಒಗ್ಗದೆ ಮೈ ತುರಿಸುತ್ತಿದ್ದರೆ ಅದನ್ನು ಬಿಡಲಿ, ಅಷ್ಟೇ. ಮುರಿದ ಮೂಳೆಯೂ ಕತ್ತರಿಸಿದ ಸ್ನಾಯುವೂ ಕೂಡಲು ಪ್ರೋಟೀನ್ ಬೇಕು. ಕಾಯಿಲೆಯಲ್ಲಿರುವ ವೃದ್ಧರಿಗೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಎಂಬುದು ಸಾಮಾನ್ಯ ಸಲಹೆ. 50 ಕಿಲೋದವರಿಗೆ ದಿನಕ್ಕೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ ಸಿಗುತ್ತದೆ; ಒಂದು ಬಟ್ಟಲು ಅಕ್ಕಿ ಗಂಜಿಯಲ್ಲಿ ಎರಡು ಮೂರು ಗ್ರಾಂ ಸಿಕ್ಕರೆ ಹೆಚ್ಚು. ಹಿರಿಯರು ಬೇಡವೆಂದ ಪಟ್ಟಿಯಲ್ಲೇ ಬೇಕಾದದ್ದೆಲ್ಲ ಇದೆ ಎಂಬುದು ವಿಚಿತ್ರ. ಗಂಜಿಯನ್ನೇ ಕೊಡುವುದಾದರೆ ರಾಗಿಯದನ್ನು ಹಾಲು ಬೆರೆಸಿ ಕೊಡಿ, ಜೊತೆಗೆ ದಪ್ಪಗಿನ ಬೇಳೆ ಇರಲಿ. ಮಾಂಸಾಹಾರಿಗಳಾದರೆ ಮೀನು, ಮೊಟ್ಟೆಗೆ ಯಾವ ಅಡ್ಡಿಯೂ ಇಲ್ಲ. ಕಾಲುಸೂಪನ್ನು ಕೇಳದೆ ಯಾವ ಮೂಳೆರೋಗಿಯೂ ಡಿಸ್ಚಾರ್ಜ್ ಆಗುವುದಿಲ್ಲ. ಕುಡಿಯಲಿ, ಬಾಯಿಗೆ ರುಚಿ. ಅದರಿಂದಲೇ ಮೂಳೆ ಕೂಡುತ್ತದೆ ಎಂದು ಮಿಕ್ಕ ಊಟ ಕಡಿಮೆ ಮಾಡದಿದ್ದರೆ ಸರಿ.

ಪ್ರಶ್ನೆ: ಅಮ್ಮನ ಆಪರೇಷನ್ ಏಕಾದಶಿಯ ಮರುದಿನ ಬಂದಿದೆ. ಅವರು ನಿರ್ಜಲ ಉಪವಾಸ ಬಿಡುವುದಿಲ್ಲ, ಬೆಳಿಗ್ಗೆ ತೀರ್ಥ ತೆಗೆದುಕೊಳ್ಳದೆ ಥಿಯೇಟರಿಗೂ ಹೋಗುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ತೀರ್ಥದಿಂದ ತೊಂದರೆಯಿಲ್ಲ. ಎರಡು ಗಂಟೆ ಮುಂಚೆ ಒಂದು ಉದ್ಧರಣೆ ನೀರು ಲೆಕ್ಕಕ್ಕೇ ಬರುವುದಿಲ್ಲ. ತುಳಸಿ ಎಲೆಯನ್ನು ನುಂಗದೆ ಕಣ್ಣಿಗೊತ್ತಿಕೊಳ್ಳಲಿ. ಏಕಾದಶಿಯ ನಿರ್ಜಲವೇ ಕಷ್ಟ. ಹಿಂದಿನ ಇಡೀ ದಿನ ನೀರಿಲ್ಲದೆ ಬಂದವರಿಗೆ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಹೆಚ್ಚು ಕುಸಿಯುತ್ತದೆ. ಅಶಕ್ತರು ಹಾಲು, ಹಣ್ಣು, ನೀರು ತೆಗೆದುಕೊಳ್ಳುವ ರೂಢಿ ಏಕಾದಶಿಯಲ್ಲೇ ಇದೆ, ಹಾಗೆಯೇ ರಂಜಾನ್ ಉಪವಾಸದಲ್ಲಿ ರೋಗಿಗಳು ಅದನ್ನು ಬಿಟ್ಟು ಮುಂದೆ ಬೇರೆ ದಿನ ಪೂರೈಸಲು ಅವಕಾಶವಿದೆ. ಮನೆಯ ಆಚಾರ್ಯರಿಂದಲೋ ಮಸೀದಿಯ ಇಮಾಮರಿಂದಲೋ ಒಂದು ಮಾತು ಹೇಳಿಸಿದರೆ ವೈದ್ಯರ ಹತ್ತು ಮಾತಿಗಿಂತ ಬೇಗ ಒಪ್ಪುತ್ತಾರೆ. ಆದರೂ ಕೇಳದಿದ್ದರೆ ಅರಿವಳಿಕೆ ತಜ್ಞರಿಗೆ ಮುಚ್ಚಿಡದೆ ತಿಳಿಸಿ, ಮೊದಲೇ ಡ್ರಿಪ್ ಹಾಕಿ ನೀರಿನಂಶ ತುಂಬಿಸಿಕೊಳ್ಳುತ್ತಾರೆ. ಬೆಳಿಗ್ಗೆ ತಪ್ಪದೆ ತೆಗೆದುಕೊಳ್ಳಬೇಕೆಂದು ವೈದ್ಯರು ಬರೆದುಕೊಟ್ಟ ಹೃದಯದ ಅಥವಾ ಥೈರಾಯ್ಡಿನ ಮಾತ್ರೆಯನ್ನು ಗುಟುಕು ನೀರಿನಲ್ಲಿ ನುಂಗಬೇಕು. ಉಪವಾಸ ಎಂದು ಅದನ್ನು ಬಿಡಬಾರದು.